ಹಾಡು ಒಂದು, ಕೇಳುಗರು ಐವತ್ತು: ಪುಟ್ಟ ಅಂತರ್ಜಾಲ ರೇಡಿಯೊದ ರಾಯಲ್ಟಿ ಲೆಕ್ಕ

ಲೋಧಿ ಕಾಲೋನಿಯ ಎತ್ತರದ ಕಮಾನು ದಾಟಿ ಒಳಗೆ ಹೋದರೆ ಸಿಗುವ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಒಂದು ಕೋಣೆ, ಒಂದು ಲ್ಯಾಪ್‌ಟಾಪ್, ಒಂದು ಮೈಕು, ಕೈಕೊಡದ ಇಂಟರ್‌ನೆಟ್. ದೆಹಲಿಯಲ್ಲಿ ಕೂತು ಕನ್ನಡ ರೇಡಿಯೊ ನಡೆಸಲು ಸಾಮಾನು ಇಷ್ಟೇ ಸಾಕು. ಹತ್ತಿರದ ಲೋಧಿ ಎಸ್ಟೇಟಿನಲ್ಲಿ ದೆಹಲಿ ಕನ್ನಡ ಶಾಲೆ ಇದೆ, ಆರ್.ಕೆ. ಪುರಂನಲ್ಲಿ ದೆಹಲಿ ಕರ್ನಾಟಕ ಸಂಘ ಇದೆ. ಮಾತಾಡುವವರಿಗೂ ಹಾಡುವವರಿಗೂ ಬರವಿಲ್ಲ. ಆದರೆ ಹೀಗೆ ಹೊರಟವರ ಗಾಡಿ ಮೊದಲ ಪ್ರಶ್ನೆಯಲ್ಲೇ ನಿಲ್ಲುತ್ತದೆ: 'ಸಿನಿಮಾ ಹಾಡು ಹಾಕಬಹುದೇ? ಹಾಕಿದರೆ ಯಾರಿಗೆ, ಎಷ್ಟು ಕಟ್ಟಬೇಕು?'

ಕೆಲವರು ಈ ಪ್ರಶ್ನೆ ಕೇಳದೆಯೇ ಶುರು ಮಾಡಿ, ನೋಟಿಸು ಬಂದ ದಿನ ಬಾಗಿಲು ಹಾಕುತ್ತಾರೆ. ಇನ್ನು ಕೆಲವರು ಹೆದರಿ ಶುರುವೇ ಮಾಡುವುದಿಲ್ಲ. ಎರಡರಿಂದಲೂ ನಷ್ಟ ನಮ್ಮ ಭಾಷೆಗೇ. ಮನೆಯಿಂದ ನಡೆಸುವ ಬಾನುಲಿ ನಮಗೆ ಹೊಸದೂ ಅಲ್ಲ. 1935ರಲ್ಲಿ ಮೈಸೂರಿನಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದ್ದರು. 'ಆಕಾಶವಾಣಿ' ಎಂಬ ಹೆಸರು ಬಂದದ್ದೇ ಆ ಮನೆಯಿಂದ. ಇಂದು ಪ್ರೇಷಕ ಯಂತ್ರವೂ ಬೇಕಿಲ್ಲ. ಬೇಕಾಗಿರುವುದು ಲೆಕ್ಕ ಮತ್ತು ಒಂದಿಷ್ಟು ಕಾಗದ.

ಬಿಲ್ ಬೆಳೆಯುವ ಬಗೆ

ಎಫ್‌ಎಂ ಕೇಂದ್ರ ಒಂದು ಹಾಡನ್ನು ಗೋಪುರದಿಂದ ಒಮ್ಮೆ ಬಿಡುತ್ತದೆ. ಕೇಳುವವರು ಹತ್ತು ಜನವೋ ಹತ್ತು ಲಕ್ಷವೋ, ಗೋಪುರಕ್ಕೆ ತಿಳಿಯದು. ಅಂತರ್ಜಾಲದಲ್ಲಿ ಹಾಗಿಲ್ಲ. ನಿಮ್ಮ ಸರ್ವರ್ ಪ್ರತಿಯೊಬ್ಬ ಕೇಳುಗನಿಗೂ ಪ್ರತ್ಯೇಕವಾಗಿ ಹಾಡನ್ನು ಕಳಿಸುತ್ತದೆ, ಕಳಿಸಿದ್ದನ್ನೆಲ್ಲ ಬರೆದಿಟ್ಟುಕೊಳ್ಳುತ್ತದೆ. ಎಣಿಸಲು ಸಾಧ್ಯವಾದದ್ದರಿಂದಲೇ ತಲೆ ಎಣಿಸಿ ಬಿಲ್ ಹಾಕುವ ಪದ್ಧತಿ ಬಂತು. ಐವತ್ತು ಜನ ಕೇಳುತ್ತಿರುವಾಗ ಒಂದು ಹಾಡು ಹಾಕಿದರೆ, ಲೆಕ್ಕದಲ್ಲಿ ಅದು ಐವತ್ತು ಹಾಡು.

ದರ ಬಹಿರಂಗವಾಗಿರುವ ಅಮೆರಿಕದ ಲೆಕ್ಕವನ್ನೇ ನೋಡಿ. ಅಲ್ಲಿ ಕಾಪಿರೈಟ್ ರಾಯಲ್ಟಿ ಬೋರ್ಡ್ ಎಂಬ ಮಂಡಳಿ ದರ ನಿಗದಿ ಮಾಡುತ್ತದೆ, ಸೌಂಡ್‌ಎಕ್ಸ್‌ಚೇಂಜ್ ಎಂಬ ಸಂಸ್ಥೆ ವಸೂಲಿ ಮಾಡಿ ಹಂಚುತ್ತದೆ. ಚಂದಾ ಇಲ್ಲದೆ ನಡೆಯುವ ವಾಣಿಜ್ಯ ಕೇಂದ್ರಕ್ಕೆ 2021ರಲ್ಲಿ ನಿಗದಿಯಾದದ್ದು ಒಬ್ಬ ಕೇಳುಗನಿಗೆ, ಒಂದು ಹಾಡಿಗೆ 0.21 ಸೆಂಟ್. ಕೇಳಲು ಏನೇನೂ ಅಲ್ಲ. ಈಗ ಗುಣಿಸಿ. ಸರಾಸರಿ 50 ಕೇಳುಗರು, ಗಂಟೆಗೆ 15 ಹಾಡು, ದಿನಕ್ಕೆ 24 ಗಂಟೆ, ತಿಂಗಳಿಗೆ 30 ದಿನ: ಒಟ್ಟು 5,40,000 ಎಣಿಕೆ, ಬಿಲ್ 1,134 ಡಾಲರ್. ಐವತ್ತು ಜನ ಎಂದರೆ ಒಂದು ಮದುವೆಯ ಒಂದು ಪಂಕ್ತಿ ಊಟ. ಅಷ್ಟು ಜನರಿಗೆ ಹಾಡು ಕೇಳಿಸಲು ತಿಂಗಳಿಗೆ ಇಷ್ಟು ದುಡ್ಡು ಯಾವ ಹವ್ಯಾಸಿಯ ಕಿಸೆಯಲ್ಲೂ ಇರುವುದಿಲ್ಲ.

ಇನ್ನೂ ಚಿಕ್ಕದಾಗಿ ನಡೆಸುತ್ತೇವೆ ಅಂದರೆ? ದಿನಕ್ಕೆ 4 ಗಂಟೆ, 20 ಕೇಳುಗರು, ಗಂಟೆಗೆ 12 ಹಾಡು: ತಿಂಗಳಿಗೆ ಸುಮಾರು 60 ಡಾಲರ್, ವರ್ಷಕ್ಕೆ 726. ಆದರೆ ಅಲ್ಲಿ 2021ರ ದರಪಟ್ಟಿಯಲ್ಲಿ ಪ್ರತಿ ಕೇಂದ್ರಕ್ಕೆ ವರ್ಷಕ್ಕೆ 1,000 ಡಾಲರ್ ಕನಿಷ್ಠ ಶುಲ್ಕವಿತ್ತು. ಬಿಲ್ 726 ಆದರೂ ಕಟ್ಟಬೇಕಿದ್ದದ್ದು 1,000. ತೀರಾ ಚಿಕ್ಕವರನ್ನು ಹಿಂಡುವುದು ದರ ಅಲ್ಲ, ಈ ಕನಿಷ್ಠ ಶುಲ್ಕ. ಲೈಸೆನ್ಸ್ ಕೇಳುವಾಗ ಮೊದಲು ಕಣ್ಣಿಡಬೇಕಾದ ಸಾಲೂ ಇದೇ.

ಹಾಗಾದರೆ ಚಿಕ್ಕವರು ಹಿಂದೆ ಉಳಿದದ್ದು ಹೇಗೆ? ಆದಾಯದ ಶೇಕಡಾವಾರು ದರದಿಂದ. ಗಳಿಸಿದ ರೂಪಾಯಿಯಲ್ಲಿ ಇಷ್ಟು ಪಾಲು ಎಂದಾಗ, ಗಳಿಕೆ ಇಲ್ಲದವನ ಹೊರೆಯೂ ಹಗುರ. ಅಮೆರಿಕದಲ್ಲಿ 2002ರ ಹೊತ್ತಿಗೇ ಸಣ್ಣ ಪ್ರಸಾರಕರಿಗೆಂದು ಇಂಥ ಏರ್ಪಾಡು ಕಾಯ್ದೆಯ ಮೂಲಕ ಬಂತು. 2007ರಲ್ಲಿ ತಲೆಲೆಕ್ಕದ ದರ ಏರಿದಾಗ ಜೂನ್ 26ರಂದು ಅಂತರ್ಜಾಲ ರೇಡಿಯೊಗಳು ಒಂದು ದಿನ ಹಾಡು ನಿಲ್ಲಿಸಿ ಮೌನ ಆಚರಿಸಿದವು. ಮತ್ತೆ ರಾಜಿ ಆಯಿತು. ಆ ರಾಜಿಯ ಅವಧಿ 2015ರ ಕೊನೆಗೆ ಮುಗಿಯಿತು, ಮುಂದುವರಿಯಲಿಲ್ಲ. ಸಾವಿರಾರು ಪುಟ್ಟ ಕೇಂದ್ರಗಳಿಗೆ ಆಸರೆಯಾಗಿದ್ದ ಲೈವ್365 ಎಂಬ ತಾಣ 2016ರ ಜನವರಿಯಲ್ಲಿ ಮುಚ್ಚಿತು. ಮರುವರ್ಷ ಬೇರೆ ಒಡೆತನದಲ್ಲಿ ಅದು ಮತ್ತೆ ತೆರೆಯಿತು ನಿಜ. ಆದರೆ ಅಂದು ನಿಂತ ಕೇಂದ್ರಗಳಲ್ಲಿ ಎಷ್ಟೋ ಮರಳಿ ಬರಲಿಲ್ಲ. ಹಾಡು ಕಟ್ಟಿದವನಿಗೆ ದುಡ್ಡು ಹೋಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೇಂದ್ರವೇ ಮುಚ್ಚಿದರೆ ಅವನಿಗೆ ಹೋಗುವುದು ಸೊನ್ನೆ.

ನಮ್ಮಲ್ಲಿ ದರಪಟ್ಟಿಯೇ ಇಲ್ಲ

ಭಾರತದ ಎಫ್‌ಎಂಗಳಿಗೆ 2010ರ ಆಗಸ್ಟ್ 25ರಂದು ಕಾಪಿರೈಟ್ ಬೋರ್ಡ್ ಜಾಹೀರಾತಿನ ನಿವ್ವಳ ಆದಾಯದ ಶೇ. 2 ಎಂದು ಧ್ವನಿಮುದ್ರಣದ ರಾಯಲ್ಟಿ ನಿಗದಿ ಮಾಡಿತು. 2020ರ ಡಿಸೆಂಬರ್ 31ರ ಆದೇಶ ಅದನ್ನು ಬದಲಿಸಿ, ಹಾಡು ನುಡಿದ ಗಂಟೆಗಳ ಮೇಲೆ ದರ ಹಾಕಿತು. ಈ ಎರಡನೆಯ ಆದೇಶಕ್ಕೆ ಆಧಾರ 2012ರ ತಿದ್ದುಪಡಿಯಲ್ಲಿ ಬಂದ ಹಕ್ಕುಸ್ವಾಮ್ಯ ಕಾಯ್ದೆಯ 31ಡಿ ಕಲಂ. ಪ್ರಸಾರಕ ನೋಟಿಸು ಕೊಟ್ಟು, ನಿಗದಿಯಾದ ದರ ಕಟ್ಟಿದರೆ ಸಾಕು, ಹಾಡಿನ ಒಡೆಯನ ಒಪ್ಪಿಗೆಗೆ ಕಾಯಬೇಕಿಲ್ಲ ಎನ್ನುತ್ತದೆ ಅದು.

ಈ ಕಲಂ ಅಂತರ್ಜಾಲಕ್ಕೂ ಸಲ್ಲುತ್ತದೆ ಎಂದು ಕೇಂದ್ರ ಸರ್ಕಾರದ ಇಲಾಖೆ 2016ರ ಸೆಪ್ಟೆಂಬರ್‌ನಲ್ಲಿ ಟಿಪ್ಪಣಿ ಹೊರಡಿಸಿತ್ತು. ಆದರೆ ಟಿಪ್ಸ್ ಎಂಬ ಆಡಿಯೊ ಕಂಪನಿ ಮತ್ತು ವಿಂಕ್ ಮ್ಯೂಸಿಕ್ ಎಂಬ ಆ್ಯಪ್ ನಡುವಿನ ಮೊಕದ್ದಮೆಯಲ್ಲಿ ಬಾಂಬೆ ಹೈಕೋರ್ಟ್ 2019ರ ಏಪ್ರಿಲ್‌ನಲ್ಲಿ, 31ಡಿ ರೇಡಿಯೊ ಮತ್ತು ಟೆಲಿವಿಷನ್ ಪ್ರಸಾರಕ್ಕೆ ಮಾತ್ರ, ಅಂತರ್ಜಾಲಕ್ಕೆ ಅಲ್ಲ ಎಂದಿತು. 2022ರ ಅಕ್ಟೋಬರ್‌ನಲ್ಲಿ ವಿಭಾಗೀಯ ಪೀಠವೂ ಅದನ್ನೇ ಎತ್ತಿಹಿಡಿಯಿತು. ನಿಮ್ಮ ಮಟ್ಟಿಗೆ ಇದರ ಅರ್ಥ ಇಷ್ಟು: ದೊಡ್ಡ ಎಫ್‌ಎಂಗೆ ಸಿಗುವ ನಿಗದಿತ ದರದ ಆಸರೆ ನಿಮಗಿಲ್ಲ. ಹಾಡಿನ ಒಡೆಯ ಒಪ್ಪಿದರೆ ಉಂಟು, ಒಪ್ಪಿದ ದರವೇ ದರ. ಚೌಕಾಸಿ ಮಾಡುವ ಶಕ್ತಿ ಕಡಿಮೆ ಇರುವವನಿಗೇ ಚೌಕಾಸಿಯ ಹೊರೆ ಬಿದ್ದಿದೆ. ಇದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಕಾಯ್ದೆ ಬದಲಾಗುವವರೆಗೂ ಇರುವ ದಾರಿಯಲ್ಲೇ ನಡೆಯಬೇಕು.

ಒಂದು ಹಾಡು, ಮೂರು ಬೀಗ

ಹೆಚ್ಚಿನವರು ಎಡವುವುದು ಇಲ್ಲಿ. ಒಂದು ಹಾಡಿಗೆ ಒಬ್ಬನೇ ಒಡೆಯ ಎಂದುಕೊಳ್ಳುತ್ತಾರೆ. ಆದರೆ ಸಾಹಿತ್ಯ ಒಂದು ಆಸ್ತಿ, ರಾಗಸಂಯೋಜನೆ ಇನ್ನೊಂದು, ಧ್ವನಿಮುದ್ರಣ ಮತ್ತೊಂದು. ಸಾಹಿತ್ಯ ಮತ್ತು ಸಂಗೀತದ ಹಕ್ಕು ಕರ್ತೃ ಬದುಕಿರುವವರೆಗೆ, ಆಮೇಲೆ 60 ವರ್ಷ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ.

ಶಿಶುನಾಳ ಶರೀಫರ ತತ್ವಪದ ತೆಗೆದುಕೊಳ್ಳಿ. ಶರೀಫರು ತೀರಿಕೊಂಡದ್ದು 1889ರಲ್ಲಿ. ಪದ ಎಲ್ಲರದು, ಯಾರು ಬೇಕಾದರೂ ಹಾಡಬಹುದು. ಆದರೆ ಅದೇ ಪದಕ್ಕೆ ಸಿ. ಅಶ್ವತ್ಥ್ ಕೂಡಿಸಿದ ರಾಗ ಅಶ್ವತ್ಥರದು. ಅವರು ತೀರಿಕೊಂಡದ್ದು 2009ರಲ್ಲಿ, ಆದ್ದರಿಂದ ಅದರ ಹಕ್ಕು 2069ರವರೆಗೆ. ಇನ್ನು 'ಸಂತ ಶಿಶುನಾಳ ಶರೀಫ' ಚಿತ್ರ ಬಂದದ್ದು 1990ರಲ್ಲಿ. ಅದರ ಧ್ವನಿಮುದ್ರಣದ ಬೀಗ ತೆರೆಯಲು 2050 ದಾಟಬೇಕು. ಮೊದಲ ಬೀಗ ತೆರೆದಿದೆ ಎಂದು ಒಳನುಗ್ಗಿದರೆ ಮುಂದಿನ ಎರಡು ಬಾಗಿಲಿಗೆ ತಲೆ ಬಡಿಯುತ್ತದೆ. ಬೇಂದ್ರೆಯವರು 1981ರಲ್ಲಿ, ಕುವೆಂಪು 1994ರಲ್ಲಿ ತೀರಿಕೊಂಡವರು. ಹಾಗಾಗಿ ಅವರ ಕವಿತೆಗಳ ಹಕ್ಕು 2041 ಮತ್ತು 2054ರ ಕೊನೆಯವರೆಗೆ ಇರುತ್ತದೆ. ನೀವೇ ಹೊಸ ರಾಗ ಹಾಕಿದರೂ ಕವಿತೆಗೆ ಅನುಮತಿ ಬೇಕು.

ಶುರು ಮಾಡುವ ಕ್ರಮ

1. ಮೊದಲು ವಾರದ ವೇಳಾಪಟ್ಟಿ ಬರೆಯಿರಿ, ಅದರಲ್ಲಿ ಹಾಡಿನ ನಿಮಿಷಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸಿ. ಬಿಲ್ ಎಂದರೆ ಹಾಡು ಗುಣಿಸು ಕೇಳುಗರು. ಕೇಳುಗರು ಹೆಚ್ಚಲಿ ಎಂದೇ ರೇಡಿಯೊ ಮಾಡುವುದು, ಅದನ್ನು ಕಡಿಮೆ ಮಾಡಲಾಗದು. ನಿಮ್ಮ ಕೈಯಲ್ಲಿರುವುದು ಹಾಡಿನ ಸಂಖ್ಯೆ. ಗಂಟೆಗೆ 15 ಇದ್ದದ್ದನ್ನು 5 ಮಾಡಿದರೆ ಮೇಲೆ ಹೇಳಿದ 1,134 ಡಾಲರ್ 378ಕ್ಕೆ ಇಳಿಯುತ್ತದೆ. ಕರೋಲ್ ಬಾಗ್‌ನಲ್ಲಿ ಅಂಗಡಿ ಇಟ್ಟವರ ಕಥೆ, ದೆಹಲಿಗೆ ವರ್ಗವಾಗಿ ಬಂದ ಮೊದಲ ಚಳಿಗಾಲದ ನೆನಪು, ಕನ್ನಡ ಶಾಲೆಯ ಮಕ್ಕಳ ಕಥಾವಾಚನ: ಇವು ಬೆಂಗಳೂರಿನ ಯಾವ ಎಫ್‌ಎಂನಲ್ಲೂ ಸಿಗದ ಸರಕು. ಹಾಡು ಯಾವ ಆ್ಯಪಿನಲ್ಲಾದರೂ ಸಿಗುತ್ತದೆ.

2. ನಿಮ್ಮದೇ ಧ್ವನಿಮುದ್ರಣ ಮಾಡಿ. ದಾಸರ ಪದ, ವಚನ, ಜಾನಪದ: ಸಾಹಿತ್ಯ ಮುಕ್ತ. ದೆಹಲಿಯಲ್ಲಿರುವ ಗಾಯಕಿಯೊಬ್ಬರು ತಮ್ಮದೇ ರಾಗದಲ್ಲಿ ಅಥವಾ ಪರಂಪರೆಯಿಂದ ಬಂದ ಧಾಟಿಯಲ್ಲಿ ಹಾಡಿದರೆ ಮೂರೂ ಬೀಗದ ಕೀಲಿ ನಿಮ್ಮ ಕೈಯಲ್ಲಿ. ಆದರೆ ಬಾಯಿಮಾತಿನ ಒಪ್ಪಿಗೆ ಸಾಲದು, ಲೈಸೆನ್ಸ್ ಬರಹದಲ್ಲಿ ಇರಬೇಕು. ಬರೆಯುವಾಗ ಎರಡು ಸಂಗತಿ ಮರೆಯಬೇಡಿ. ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು ಐದು ವರ್ಷ ಎಂದು ತಿಳಿಯುತ್ತದೆ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ತಿಳಿಯುತ್ತದೆ. ನಿಮ್ಮ ಕೇಳುಗರು ದುಬೈಯಲ್ಲೂ ಇರುತ್ತಾರೆ. 'ಅಂತರ್ಜಾಲ ಪ್ರಸಾರಕ್ಕೆ, ಜಗತ್ತಿನಾದ್ಯಂತ, ಇಷ್ಟು ವರ್ಷ' ಎಂದು ಸ್ಪಷ್ಟವಾಗಿ ಬರೆಯಿರಿ. ಹಾಡುವವರಿಗೂ ಪಕ್ಕವಾದ್ಯದವರಿಗೂ ಕಲಾವಿದರ ಹಕ್ಕು ಎಂಬುದು ಪ್ರತ್ಯೇಕವಾಗಿ ಇದೆ. ತಬಲಾದವರ ಸಹಿಯನ್ನೂ ಪಡೆಯಿರಿ. ಸಾವಿರ ರೂಪಾಯಿಯಾದರೂ ಸಂಭಾವನೆ ಕೊಡಿ.

3. ಹಳೆಯ ಮುದ್ರಿಕೆಗಳನ್ನು ಹುಡುಕಿ. 1964ರವರೆಗೆ ಪ್ರಕಟವಾದ ಧ್ವನಿಮುದ್ರಣಗಳ ಹಕ್ಕು 2024ರ ಕೊನೆಗೆ ಮುಗಿಯಿತು, ಪ್ರತಿ ಜನವರಿಗೆ ಇನ್ನೊಂದು ವರ್ಷದ್ದು ಸೇರುತ್ತ ಹೋಗುತ್ತದೆ. ಆದರೆ ಮುಕ್ತವಾಗುವುದು ಧ್ವನಿಮುದ್ರಣ ಮಾತ್ರ. ಸಾಹಿತಿ, ಸಂಗೀತ ನಿರ್ದೇಶಕರ ಹಕ್ಕು ಇನ್ನೂ ಇದ್ದೀತು: ಜಿ.ಕೆ. ವೆಂಕಟೇಶ್ ತೀರಿಕೊಂಡದ್ದು 1993ರಲ್ಲಿ, ಅವರ ರಾಗಗಳು 2053ರವರೆಗೆ ಅವರ ವಾರಸುದಾರರ ಅಥವಾ ಹಕ್ಕು ಪಡೆದವರ ಆಸ್ತಿ. ಆಗ ಮುಂದಿನ ಹೆಜ್ಜೆಯೊಂದೇ ಸಾಕಾಗುತ್ತದೆ.

4. ಸಾಹಿತ್ಯ ಮತ್ತು ಸಂಗೀತಕ್ಕೆ ಐಪಿಆರ್‌ಎಸ್‌ಗೆ ಬರೆಯಿರಿ. 1969ರಲ್ಲಿ ಹುಟ್ಟಿದ ಈ ಸೊಸೈಟಿ ಗೀತರಚನಕಾರರ, ಸಂಯೋಜಕರ, ಅವರ ಹಕ್ಕು ಪಡೆದ ಪ್ರಕಾಶಕರ ಪರವಾಗಿ ಲೈಸೆನ್ಸ್ ಕೊಡುತ್ತದೆ. 2012ರ ತಿದ್ದುಪಡಿಯ ನಂತರ ಹಾಡು ಪ್ರಸಾರವಾದಾಗ ಬರೆದವರಿಗೂ ರಾಗ ಹಾಕಿದವರಿಗೂ ರಾಯಲ್ಟಿ ಸಲ್ಲಲೇಬೇಕೆಂದು ಬಾಂಬೆ ಹೈಕೋರ್ಟ್ 2023ರ ಏಪ್ರಿಲ್‌ನಲ್ಲಿ ಎಫ್‌ಎಂ ಪ್ರಕರಣವೊಂದರಲ್ಲಿ ಹೇಳಿತು. 'ಧ್ವನಿಮುದ್ರಣಕ್ಕೆ ಕಟ್ಟಿದ್ದೇನೆ, ಇವರಿಗೇಕೆ' ಎಂಬ ವಾದ ಇನ್ನು ನಡೆಯದು.

5. ಧ್ವನಿಮುದ್ರಣಕ್ಕೆ ನೇರವಾಗಿ ಆಡಿಯೊ ಕಂಪನಿಗೆ ಬರೆಯುವುದು ಮೇಲು. ಕನ್ನಡದ ಹೆಚ್ಚಿನ ಜನಪ್ರಿಯ ಹಾಡುಗಳು ಲಹರಿ, ಆನಂದ್ ಆಡಿಯೊ, ಸರೆಗಮದಂಥ ಕೆಲವೇ ಕಂಪನಿಗಳ ಕೈಯಲ್ಲಿವೆ. ಐನೂರು ಹಾಡಿಗೆ ಐವತ್ತು ಕಡೆ ಅಲೆಯುವ ಬದಲು ಒಂದೇ ಕಂಪನಿಯ ಇನ್ನೂರು ಹಾಡುಗಳ ಪಟ್ಟಿ ಮಾಡಿ, ಅಷ್ಟಕ್ಕೇ ಒಂದು ವರ್ಷದ ಒಪ್ಪಂದ ಕೇಳಿ. ಕಂಪನಿಗಳ ಪರವಾಗಿ ಪಿಪಿಎಲ್ ಎಂಬ ಸಂಸ್ಥೆಯೂ, ನೋಂದಾಯಿತ ಸೊಸೈಟಿಯಾದ ಆರ್‌ಎಂಪಿಎಲ್ ಕೂಡ ಲೈಸೆನ್ಸ್ ಕೊಡುತ್ತವೆ. ನೋಂದಾಯಿತ ಸೊಸೈಟಿಯಲ್ಲದವರು ಲೈಸೆನ್ಸ್ ವ್ಯವಹಾರ ಮಾಡಬಹುದೇ ಎಂಬ ಪ್ರಶ್ನೆ 2025ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟಿನ ತೀರ್ಪಿನಿಂದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆದ್ದರಿಂದ ಯಾರ ಜೊತೆ ಒಪ್ಪಂದವಾದರೂ 'ಈ ಹಾಡುಗಳ ಅಂತರ್ಜಾಲ ಹಕ್ಕು ನಮ್ಮ ಬಳಿ ಇದೆ' ಎಂಬ ಲಿಖಿತ ಹೇಳಿಕೆ ಮತ್ತು ಹಾಡುಗಳ ಪಟ್ಟಿ ಕೈಗೆ ಬರದೆ ಹಣ ಕಟ್ಟಬೇಡಿ.

6. ಶೇಕಡಾವಾರು ದರವನ್ನೇ ಕೇಳಿ. ತಲೆಲೆಕ್ಕ ಅನಿವಾರ್ಯವಾದರೆ ಮೇಲ್ಮಿತಿ ಕೇಳಿ: ವರ್ಷಕ್ಕೆ ಇಷ್ಟು ಎಣಿಕೆಯವರೆಗೆ ಒಂದೇ ಮೊತ್ತ ಎಂದು. ಕನಿಷ್ಠ ಶುಲ್ಕ ಎಷ್ಟು, ಮುಂಗಡ ಎಷ್ಟು, ಮುಂಗಡ ಬಿಲ್ಲಿಗೆ ವಜಾ ಆಗುತ್ತದೆಯೇ, ಜಿಎಸ್‌ಟಿ ಸೇರಿದೆಯೇ, ನಡುವೆ ನಿಲ್ಲಿಸಿದರೆ ಏನು ಎಂಬ ಐದು ಪ್ರಶ್ನೆಗೆ ಬರಹದಲ್ಲಿ ಉತ್ತರ ಪಡೆಯಿರಿ.

7. ಹೊರದೇಶದ ಕೇಳುಗರನ್ನು ಮೊದಲ ವರ್ಷ ಹೊರಗಿಡುವುದು ಜಾಣತನ. ಮನಸ್ಸಿಗೆ ಕಷ್ಟವಾಗುತ್ತದೆ, ಗೊತ್ತು. ನ್ಯೂಜೆರ್ಸಿಯ ಅಣ್ಣನ ಮನೆಯವರಿಗೆ ಕೇಳಿಸಲೆಂದೇ ಎಷ್ಟೋ ಜನ ಶುರು ಮಾಡುವುದು. ಆದರೆ ಹಕ್ಕುಸ್ವಾಮ್ಯ ದೇಶಕ್ಕೊಂದು. ಭಾರತದ ಲೈಸೆನ್ಸ್ ಅಮೆರಿಕದ ಕೇಳುಗನಿಗೆ ಸಲ್ಲದು. ಹೋಸ್ಟಿಂಗ್ ಕೊಡುವವರಲ್ಲಿ ದೇಶವಾರು ತಡೆಯುವ ಸೌಲಭ್ಯ ಇರುತ್ತದೆ, ಬಳಸಿ. ಅಥವಾ ಆ ದೇಶದ ಲೈಸೆನ್ಸ್ ಸೇರಿಸಿಯೇ ಮಾರುವ ಪ್ಯಾಕೇಜ್ ಕೊಳ್ಳಿ. ಆಗ ಅದರಲ್ಲಿ ಭಾರತ ಸೇರಿದೆಯೇ ಎಂದು ಕೇಳುವುದನ್ನು ಮರೆಯಬೇಡಿ. ಅಮೆರಿಕದ ನಿಯಮದಲ್ಲಿ ಮೂರು ಗಂಟೆಯೊಳಗೆ ಒಂದೇ ಆಲ್ಬಂನ ಮೂರಕ್ಕಿಂತ ಹೆಚ್ಚು, ಒಬ್ಬರೇ ಕಲಾವಿದರ ನಾಲ್ಕಕ್ಕಿಂತ ಹೆಚ್ಚು ಹಾಡು ಹಾಕುವಂತಿಲ್ಲ. ರಾಜ್‌ಕುಮಾರ್ ಹುಟ್ಟುಹಬ್ಬಕ್ಕೆ ಮೂರು ಗಂಟೆ ಅವರದೇ ಹಾಡು ಎಂಬ ಕಾರ್ಯಕ್ರಮ ಅಲ್ಲಿ ಆ ಲೈಸೆನ್ಸಿನಡಿ ನಡೆಯದು. ಮಾತಿನ ಕಾರ್ಯಕ್ರಮಗಳಿಗೆ ಮಾತ್ರ ಈ ಗಡಿ ಯಾವುದೂ ಇಲ್ಲ. ಅವನ್ನು ಬೇರೆ ಕೊಂಡಿಯಲ್ಲಿ ಜಗತ್ತಿಗೇ ಬಿಡಿ.

8. ದಿನಚರಿ ಇಡಿ: ದಿನ, ಗಂಟೆ, ಹಾಡು, ಚಿತ್ರ, ಸಾಹಿತಿ, ಸಂಯೋಜಕ, ಕಂಪನಿ, ಆ ಹೊತ್ತಿನ ಕೇಳುಗರ ಸಂಖ್ಯೆ. ಸಂಜೆ ಐದು ನಿಮಿಷದ ಕೆಲಸ. ವರ್ಷದ ಕೊನೆಗೆ ದರ ಇಳಿಸಿ ಎಂದು ಕೇಳಲು ನಿಮ್ಮ ಬಳಿ ಇರುವ ಸಾಕ್ಷಿ ಇದೊಂದೇ. ಗೀತರಚನಕಾರ ಚಿ. ಉದಯಶಂಕರ್ ಹೆಸರು ಅಲ್ಲಿ ನಮೂದಾದರೆ ಮಾತ್ರ ದುಡ್ಡು ಸರಿಯಾದ ಮನೆ ತಲುಪುತ್ತದೆ ಎಂಬುದೂ ಇದೆ.

ಪದೇಪದೇ ಆಗುವ ತಪ್ಪುಗಳು

'ಸಂಗೀತದ ಆ್ಯಪಿಗೆ ತಿಂಗಳ ಚಂದಾ ಕಟ್ಟಿದ್ದೇನೆ, ಸಿ.ಡಿ. ಕೊಂಡಿದ್ದೇನೆ.' ಅದು ನಿಮ್ಮ ಕಿವಿಗೆ ಸಿಕ್ಕ ಅನುಮತಿ, ಊರಿನ ಕಿವಿಗಲ್ಲ.

'ಲಾಭವಿಲ್ಲ, ಜಾಹೀರಾತಿಲ್ಲ.' ಲಾಭವಿಲ್ಲ ಎಂಬ ಕಾರಣಕ್ಕೆ ಪ್ರಸಾರಕ್ಕೆ ವಿನಾಯಿತಿ ಇಲ್ಲ. ಉಲ್ಲಂಘನೆಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಐವತ್ತು ಸಾವಿರದಿಂದ ಎರಡು ಲಕ್ಷದವರೆಗೆ ದಂಡ ಎಂದು ಕಾಯ್ದೆ ಹೇಳುತ್ತದೆ. ವ್ಯಾಪಾರಕ್ಕಾಗಿ ಮಾಡಿದ್ದಲ್ಲವಾದರೆ ನ್ಯಾಯಾಲಯ ಶಿಕ್ಷೆ ಕಡಿಮೆ ಮಾಡಬಹುದು, ಅಷ್ಟೇ.

'ಮೂವತ್ತು ಸೆಕೆಂಡಿನೊಳಗೆ ಹಾಕಿದರೆ ತೊಂದರೆಯಿಲ್ಲ.' ಇಂಥ ನಿಯಮ ಭಾರತದ ಕಾಯ್ದೆಯಲ್ಲಿ ಇಲ್ಲ. ಯಾರು ಹುಟ್ಟಿಸಿದರೋ, ಎಲ್ಲರ ಬಾಯಲ್ಲೂ ಇದೆ.

'ರಾಜ್ಯೋತ್ಸವದಲ್ಲಿ ಸಂಘದವರು ಹಾಡಿದ್ದನ್ನೇ ನೇರಪ್ರಸಾರ ಮಾಡಿದೆವು.' ಟಿಕೆಟ್ ಇಲ್ಲದ ಸಭೆಯಲ್ಲಿ ಹವ್ಯಾಸಿ ಸಂಘ ಹಾಡುವುದಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಅದು ಆ ಸಭಾಂಗಣದ ಪ್ರದರ್ಶನಕ್ಕೆ. ಅದನ್ನು ಅಂತರ್ಜಾಲಕ್ಕೆ ಬಿಟ್ಟಾಗ ಅದೇ ವಿನಾಯಿತಿ ಹಿಂದೆಯೇ ಬರುತ್ತದೆಂದು ನಂಬಿ ಕೂರಬೇಡಿ. ಕರೋಕೆ ಹಿನ್ನೆಲೆಯಿಟ್ಟು ಹಾಡಿದ್ದಾದರೆ ಆ ಹಿನ್ನೆಲೆಯೂ ಒಬ್ಬರ ಧ್ವನಿಮುದ್ರಣವೇ.

'ಸರ್ವರ್ ಹೊರದೇಶದಲ್ಲಿದೆ.' ಕೇಳುಗ ಎಲ್ಲಿದ್ದಾನೆ ಎಂಬುದೇ ಮುಖ್ಯ.

ಕ್ವಾರ್ಟರ್ಸಿನಲ್ಲಿರುವವರಿಗೆ ಒಂದು ಎಚ್ಚರಿಕೆ

ಇದು ಲೋಧಿ ಕಾಲೋನಿಯ ಓದುಗರಿಗೆ ವಿಶೇಷವಾಗಿ. ನೀವು ಕೇಂದ್ರ ಸರ್ಕಾರಿ ನೌಕರರಾದರೆ 1964ರ ನಡತೆ ನಿಯಮಗಳ 8ನೇ ನಿಯಮ ನೆನಪಿರಲಿ. ಪತ್ರಿಕೆಯನ್ನಾಗಲಿ ವಿದ್ಯುನ್ಮಾನ ಮಾಧ್ಯಮವನ್ನಾಗಲಿ ಹೊಂದಲು, ಅದರ ಸಂಪಾದನೆ ಅಥವಾ ನಿರ್ವಹಣೆಯಲ್ಲಿ ಭಾಗವಹಿಸಲು ಇಲಾಖೆಯ ಪೂರ್ವಾನುಮತಿ ಬೇಕು. ಜಾಹೀರಾತು ತೆಗೆದುಕೊಂಡರೆ ಖಾಸಗಿ ವ್ಯಾಪಾರದ 15ನೇ ನಿಯಮವೂ ಎದುರಾಗುತ್ತದೆ. ಆದ್ದರಿಂದ ಕೇಂದ್ರವನ್ನು ನೋಂದಾಯಿತ ಸಂಘವೊಂದರ ಹೆಸರಿನಲ್ಲಿ ತೆರೆಯಿರಿ, ಲೈಸೆನ್ಸ್ ಒಪ್ಪಂದಗಳೂ ಸಂಘದ ಹೆಸರಿನಲ್ಲೇ ಇರಲಿ, ನಿಮ್ಮ ಪಾತ್ರಕ್ಕೆ ಕಚೇರಿಯಿಂದ ಲಿಖಿತ ಅನುಮತಿ ಪಡೆಯಿರಿ. ಸಾಂದರ್ಭಿಕವಾಗಿ ಹೋಗಿ ಕವಿತೆ ಓದಿ ಬರುವುದು ಬೇರೆ, ಕೇಂದ್ರವನ್ನು ನಡೆಸುವುದು ಬೇರೆ. ವರ್ಗಾವಣೆ ಬಂದು ನೀವು ಊರು ಬಿಟ್ಟರೂ ಸಂಘದ ಹೆಸರಿನ ಒಪ್ಪಂದ ಉಳಿಯುತ್ತದೆ ಎಂಬುದು ಇನ್ನೊಂದು ಅನುಕೂಲ.

ಪತ್ರ ಹೀಗಿರಲಿ

ಕಂಪನಿಗೆ ಬರೆಯುವ ಮೊದಲ ಪತ್ರ ಒಂದೇ ಪುಟ ಇರಲಿ. ನಾವು ಯಾರು, ಎಲ್ಲಿಂದ. ವಾರಕ್ಕೆ ಎಷ್ಟು ಗಂಟೆ ಪ್ರಸಾರ, ಅದರಲ್ಲಿ ಹಾಡು ಎಷ್ಟು ಗಂಟೆ. ಕೇಳುಗರು ಸರಾಸರಿ ಎಷ್ಟು, ಯಾವ ದೇಶದಲ್ಲಿ. ಹಾಡನ್ನು ಡೌನ್‌ಲೋಡ್ ಮಾಡಲು ಬಿಡುವುದಿಲ್ಲ, ಕೇಳುಗ ಬೇಕೆಂದ ಹಾಡನ್ನು ಬೇಕೆಂದಾಗ ಹಾಕಿಕೊಳ್ಳುವ ಸೌಲಭ್ಯ ಇಲ್ಲ, ಮುಗಿದ ಕಾರ್ಯಕ್ರಮವನ್ನು ಹಾಡಿನ ಸಮೇತ ಉಳಿಸಿಡುವುದಿಲ್ಲ. ಕಳೆದ ವರ್ಷದ ಆದಾಯ ಇಷ್ಟು, ಸೊನ್ನೆಯಾದರೆ ಸೊನ್ನೆ ಎಂದೇ ಬರೆಯಿರಿ. ಬೇಕಾದ ಇನ್ನೂರು ಹಾಡುಗಳ ಪಟ್ಟಿ ಜೊತೆಗಿದೆ. ತಿಂಗಳಿಗೊಮ್ಮೆ ದಿನಚರಿ ಕಳಿಸುತ್ತೇವೆ. ಕೊನೆಯಲ್ಲಿ ನಿಮ್ಮಿಂದ ಆಗುವ ಮೊತ್ತವನ್ನು ನೀವೇ ಹೇಳಿ. ಖಾಲಿ ಬಿಟ್ಟರೆ ದೊಡ್ಡವರಿಗೆ ಕಟ್ಟಿದ ದರವೇ ನಿಮಗೂ ಬರುತ್ತದೆ.

ಉತ್ತರಕ್ಕೆ ವಾರಗಳು ಹಿಡಿಯಬಹುದು. ಹದಿನೈದು ದಿನಕ್ಕೊಮ್ಮೆ ನೆನಪಿಸಿ, ಪ್ರತಿ ಪತ್ರದ ಪ್ರತಿ ಇಟ್ಟುಕೊಳ್ಳಿ. ಉತ್ತರ ಬರದಿರುವುದು ಒಪ್ಪಿಗೆಯಲ್ಲ. ಸಹಿಯಾದ ಕಾಗದ ಕೈಗೆ ಬರುವವರೆಗೆ ವೇಳಾಪಟ್ಟಿಯಲ್ಲಿ ಕೆಂಪು ಶಾಯಿಯ ಜಾಗಕ್ಕೆ ನಿಮ್ಮದೇ ಧ್ವನಿಮುದ್ರಣದ ದಾಸರ ಪದ ಹಾಕಿ, ಪ್ರಸಾರ ಶುರು ಮಾಡಿ.